ಅನಿಮೇಷನ್ ಸಿನಿಮಾದಲ್ಲಿ ಯಾವುದೂ ಬಿಟ್ಟಿ ಸಿಗಲ್ಲ

ಮಾಮೂಲಿ ಸಿನಿಮಾದ ಕ್ಯಾಮೆರಾಗೆ ಎಷ್ಟೋ ಸಂಗತಿ ಬಿಟ್ಟಿಯಾಗಿ ಸಿಕ್ಕಿಬಿಡುತ್ತವೆ. ನಾಯಕಿ ಗದ್ದೆಯ ಬದುವಿನ ಮೇಲೆ ನಡೆದು ಬರುತ್ತಿದ್ದಾಳೆ ಅಂದುಕೊಳ್ಳಿ. ಗಾಳಿಗೆ ಸೆರಗು ಹಾರುತ್ತದೆ. ಹಿಂದೆ ಎಲ್ಲೋ ಒಂದು ಕೊಕ್ಕರೆ ಎದ್ದು ಹೋಗುತ್ತದೆ. ಪಾದಕ್ಕೆ ಕೆಸರು ಮೆತ್ತುತ್ತದೆ, ಹಣೆಯ ಮೇಲೆ ಬೆವರು ಹೊಳೆಯುತ್ತದೆ. ಇದಕ್ಕಾಗಿ ಯಾರೂ ತಿಂಗಳುಗಟ್ಟಲೆ ಕೂತು ಕೆಲಸ ಮಾಡಬೇಕಾಗಿಲ್ಲ.

ಅನಿಮೇಷನ್ ಸಿನಿಮಾ ಶುರುವಾಗುವುದು ಖಾಲಿ ಪರದೆಯಿಂದ. ಗಾಳಿ ಬೇಕೆಂದರೆ ಗಾಳಿಯನ್ನು ಮಾಡಬೇಕು, ಕೆಸರು ಬೇಕೆಂದರೆ ಕೆಸರನ್ನು ಮಾಡಬೇಕು. ಕೊಕ್ಕರೆ ಹಾರಬೇಕೋ ಬೇಡವೋ ಅಂತ ಯಾರೋ ಮೀಟಿಂಗ್‌ನಲ್ಲಿ ಕೂತು ತೀರ್ಮಾನ ಮಾಡಿರುತ್ತಾರೆ. ಮಕ್ಕಳನ್ನು ಥಿಯೇಟರ್‌ಗೆ ಕರೆದುಕೊಂಡು ಬರುವ ದೊಡ್ಡವರಲ್ಲಿ ಎಷ್ಟೋ ಜನ, 'ಮಕ್ಕಳ ಸಿನಿಮಾ ತಾನೆ' ಅಂತ ಹತ್ತು ನಿಮಿಷಕ್ಕೇ ಮೊಬೈಲ್ ತೆಗೆಯುತ್ತಾರೆ. ಅದನ್ನು ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಆ ಪರದೆಯ ಮೂಲೆಮೂಲೆಯಲ್ಲೂ ಯಾರದೋ ಕೈಕೆಲಸ ಇದೆ. ಅದು ಹೇಗೆ ಆಗುತ್ತದೆ ಅಂತ ಸ್ವಲ್ಪ ಗೊತ್ತಿದ್ದರೆ, ಪಕ್ಕದ ಸೀಟಿನಲ್ಲಿರುವ ಮಗುವಿನಷ್ಟೇ ಆಸೆಯಿಂದ ನಾವೂ ನೋಡಬಹುದು.

ಮೊದಲು ಲೆಕ್ಕ. ಸಿನಿಮಾ ಅಂದರೆ ಸೆಕೆಂಡಿಗೆ 24 ಸ್ಥಿರ ಚಿತ್ರಗಳು, ಒಂದೊಂದಕ್ಕೂ ಫ್ರೇಮ್ ಅನ್ನುತ್ತಾರೆ. 90 ನಿಮಿಷದ ಸಿನಿಮಾಗೆ 1,29,600 ಚಿತ್ರ ಬೇಕು. 3ಡಿ ಆದರೆ ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಒಂದು, ಅಂದರೆ ಅದರ ಎರಡರಷ್ಟು. ಈ ಸ್ಥಿರ ಚಿತ್ರಗಳು ಓಡಿದ ಹಾಗೆ ಯಾಕೆ ಕಾಣುತ್ತವೆ? ಚಿತ್ರ ಕಣ್ಣಿನಲ್ಲಿ ಒಂದು ಕ್ಷಣ ಉಳಿಯುತ್ತದೆ, ಅದಕ್ಕೇ ಅಂತ ಹೇಳುವುದು ರೂಢಿ. ಅಷ್ಟೇ ಆಗಿದ್ದರೆ ಚಿತ್ರಗಳು ಒಂದರ ಮೇಲೊಂದು ಕಲಸಿಕೊಳ್ಳಬೇಕಿತ್ತು. ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ಥೈಮರ್ 1912ರಲ್ಲಿ ಇದನ್ನು ಪರೀಕ್ಷೆ ಮಾಡಿ ಬರೆದರು. ಸ್ವಲ್ಪ ದೂರದಲ್ಲಿರುವ ಎರಡು ಗೆರೆಗಳನ್ನು ಸರಿಯಾದ ವೇಗದಲ್ಲಿ ಒಂದಾದಮೇಲೆ ಒಂದು ತೋರಿಸಿದರೆ, ನೋಡುವವರಿಗೆ ಎರಡು ಗೆರೆ ಕಾಣುವುದಿಲ್ಲ. ಒಂದೇ ಗೆರೆ ಅಲ್ಲಿಂದ ಇಲ್ಲಿಗೆ ಸರಿದ ಹಾಗೆ ಕಾಣುತ್ತದೆ. ನಡುವಿನ ಓಟವನ್ನು ತುಂಬಿಕೊಳ್ಳುವುದು ಮೆದುಳು.

ಅನಿಮೇಟರ್‌ಗಳ ಇಡೀ ಕಸುಬು ಈ ಗುಣದ ಮೇಲೆ ನಿಂತಿದೆ. ಎಲ್ಲಿ ಎಷ್ಟು ಚಿತ್ರ ಕೊಡಬೇಕು, ಎಲ್ಲಿ ಮೆದುಳಿಗೆ ಬಿಟ್ಟುಬಿಡಬೇಕು ಅನ್ನುವುದು ಅವರ ಕೈಯಲ್ಲಿದೆ. 2018ರಲ್ಲಿ ಬಂದ 'ಸ್ಪೈಡರ್-ಮ್ಯಾನ್: ಇನ್‌ಟು ದ ಸ್ಪೈಡರ್-ವರ್ಸ್' ಸಿನಿಮಾದಲ್ಲಿ ಹಿಮದ ಕಾಡಿನೊಳಗೆ ಇಬ್ಬರು ಸ್ಪೈಡರ್-ಮ್ಯಾನ್‌ಗಳು ಜೋತಾಡುತ್ತ ಹೋಗುವ ದೃಶ್ಯ ಇದೆ. ಪಳಗಿದ ಪೀಟರ್‌ಗೆ ಪ್ರತಿ ಫ್ರೇಮ್‌ನಲ್ಲೂ ಹೊಸ ಭಂಗಿ, ಸೆಕೆಂಡಿಗೆ 24. ಹೊಸಬ ಹುಡುಗ ಮೈಲ್ಸ್‌ಗೆ ಎರಡು ಫ್ರೇಮ್‌ಗೆ ಒಂದು ಭಂಗಿ, ಅಂದರೆ ಸೆಕೆಂಡಿಗೆ 12 ಮಾತ್ರ. ಹಾಗಾಗಿ ಅವನು ತಡವರಿಸುತ್ತಾನೆ, ಎಡವುತ್ತಾನೆ ಅಂತ ನಮಗೆ ಅನ್ನಿಸುತ್ತದೆ. ಯಾಕೆ ಅಂತ ಮಾತ್ರ ಹೊಳೆಯುವುದಿಲ್ಲ. ಅವನು ಕಲಿಯುತ್ತ ಹೋದ ಹಾಗೆ ಅವನ ಚಿತ್ರಗಳ ಸಂಖ್ಯೆಯೂ ಏರುತ್ತದೆ. ಪಾತ್ರದ ಆತ್ಮವಿಶ್ವಾಸವನ್ನು ಫ್ರೇಮ್ ಎಣಿಕೆಯಲ್ಲಿ ತೋರಿಸುವ ಈ ಉಪಾಯ ನನಗೆ ತುಂಬ ಇಷ್ಟ.

ಇನ್ನೊಂದು ಸಣ್ಣ ವಿಷಯ. ನಿಜವಾದ ಕ್ಯಾಮೆರಾದಲ್ಲಿ ವೇಗವಾಗಿ ಬೀಸಿದ ಕೈ ತಾನಾಗಿಯೇ ಮಸುಕಾಗಿ ಬೀಳುತ್ತದೆ, ಆ ಮಸುಕಿನಿಂದಲೇ ಓಟ ನಯವಾಗಿ ಕಾಣುತ್ತದೆ. ಕಂಪ್ಯೂಟರ್ ಮಾಡಿದ ಚಿತ್ರ ಹುಟ್ಟಾ ಚೂಪು. ಆ ಮಸುಕನ್ನೂ ಲೆಕ್ಕ ಹಾಕಿ ಸೇರಿಸಬೇಕು. ಇಲ್ಲದಿದ್ದರೆ ಕೈ ಟಕಟಕ ಅಂತ ಜಿಗಿದ ಹಾಗೆ ಕಾಣುತ್ತದೆ.

ಪಾತ್ರಕ್ಕೆ ಮೈ ಕೊಡುವುದು ಮಾಡೆಲಿಂಗ್. ಅದರೊಳಗೆ ಕೀಲು, ಸ್ನಾಯು, ಹುಬ್ಬಿನ ಹಿಡಿತ ಇವನ್ನೆಲ್ಲ ಕೂರಿಸುವುದು ರಿಗ್ಗಿಂಗ್. ನಮ್ಮ ಸೂತ್ರದ ಗೊಂಬೆಯಾಟದಲ್ಲಿ ಆರೇಳು ದಾರ ಇದ್ದರೆ, ಇಲ್ಲಿ ಒಂದು ಮುಖಕ್ಕೇ ನೂರಾರು ದಾರ. ಆ ದಾರಗಳನ್ನು ಎಳೆದು ನಟನೆ ಮಾಡಿಸುವವರು ಅನಿಮೇಟರ್‌ಗಳು. ದೊಡ್ಡ ಸಿನಿಮಾಗಳಲ್ಲಿ ಒಬ್ಬ ಅನಿಮೇಟರ್ ವಾರವೆಲ್ಲ ಕೂತರೂ ಮುಗಿಯುವುದು ಕೆಲವೇ ಸೆಕೆಂಡುಗಳ ದೃಶ್ಯ. ಪಾತ್ರ ಜಿಗಿಯುವ ಮೊದಲು ಮಂಡಿ ಬಗ್ಗಿಸುತ್ತದೆ, ತಿರುಗುವ ಮೊದಲು ಕಣ್ಣು ಆ ಕಡೆ ಹೋಗುತ್ತದೆ, ನೆಲಕ್ಕೆ ಬಿದ್ದ ಚೆಂಡು ಚಪ್ಪಟೆಯಾಗಿ ಮತ್ತೆ ಉದ್ದವಾಗುತ್ತದೆ. ಇವು ಡಿಸ್ನಿಯವರು ಕೈಯಲ್ಲೇ ಚಿತ್ರ ಬಿಡಿಸುತ್ತಿದ್ದ ಕಾಲದ ಪಾಠಗಳು. ಮೂರು ವರ್ಷದ ಮಗುವಿಗೆ ಮಾತು ಅರ್ಥವಾಗದಿದ್ದರೂ ಕಥೆ ತಪ್ಪಿ ಹೋಗದೇ ಇರುವುದು ಇದರಿಂದಲೇ. ಮುಂದೆ ಏನಾಗಲಿದೆ ಅಂತ ಪಾತ್ರದ ಮೈ ಅದಕ್ಕೆ ಮೊದಲೇ ಹೇಳಿರುತ್ತದೆ.

ಪೂರ್ತಿ ಕಂಪ್ಯೂಟರ್‌ನಲ್ಲೇ ಮಾಡಿದ ಮೊದಲ ಪೂರ್ಣಾವಧಿ ಸಿನಿಮಾ 1995ರ 'ಟಾಯ್ ಸ್ಟೋರಿ'. ಅದರ ನಾಯಕರು ಆಟಿಕೆಗಳಾಗಿದ್ದಕ್ಕೆ ಒಂದು ತಾಂತ್ರಿಕ ಕಾರಣವೂ ಇತ್ತು. ಆಗಿನ ಕಂಪ್ಯೂಟರ್‌ನಲ್ಲಿ ಏನು ಮಾಡಿದರೂ ಪ್ಲಾಸ್ಟಿಕ್‌ನಂತೆ ಕಾಣುತ್ತಿತ್ತು. ಹಾಗಿದ್ದಾಗ ಪ್ಲಾಸ್ಟಿಕ್ ಬೊಂಬೆಗಳ ಕಥೆಯೇ ಸರಿ, ಅಲ್ವಾ? ಚರ್ಮ, ಕೂದಲು, ನೀರು ಆಗ ಕೈಗೆಟುಕದ ಸಂಗತಿಗಳು.

ಚರ್ಮ ಯಾಕೆ ಕಷ್ಟ ಅಂತ ಮನೆಯಲ್ಲೇ ನೋಡಬಹುದು. ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಚ್ಚಿ ಅದರ ಮೇಲೆ ಬೆರಳಿಡಿ. ಬೆರಳು ಕೆಂಪಗೆ ಹೊಳೆಯುತ್ತದೆ. ಬೆಳಕು ಚರ್ಮದ ಮೇಲಿಂದ ವಾಪಸ್ ಬರುವುದಷ್ಟೇ ಅಲ್ಲ, ಒಳಗೂ ಹೋಗಿ, ಅಲ್ಲಿ ಚದುರಿ, ಬೇರೆ ಕಡೆಯಿಂದ ಹೊರಗೆ ಬರುತ್ತದೆ. ಈ ಲೆಕ್ಕವನ್ನು ಕಂಪ್ಯೂಟರ್‌ಗೆ ಕಲಿಸುವ ತನಕ ಅನಿಮೇಷನ್ ಮನುಷ್ಯರು ಪ್ಲಾಸ್ಟಿಕ್ ಬೊಂಬೆಗಳಾಗಿಯೇ ಉಳಿದಿದ್ದರು. ಮುಂದಿನ ಸಲ ಪರದೆಯ ಮೇಲೆ ಒಂದು ಮಗುವಿನ ಕಿವಿಯ ಹಿಂದೆ ಸೂರ್ಯ ಬಂದಾಗ ಗಮನಿಸಿ, ಕಿವಿಯ ಅಂಚು ಕೆಂಪಗಾಗುತ್ತದೆ.

ಕೂದಲಿನ ಕಥೆ ಇನ್ನೂ ಸ್ವಾರಸ್ಯ. 2012ರ 'ಬ್ರೇವ್' ಸಿನಿಮಾದ ಮೆರಿಡಾಗೆ ದೊಡ್ಡ ಕೆಂಪು ಗುಂಗುರು ಕೂದಲು. 'ಟಾಯ್ ಸ್ಟೋರಿ' ಮಾಡಿದ ಪಿಕ್ಸಾರ್ ಕಂಪನಿಯದೇ ಸಿನಿಮಾ ಇದು. ಅಲ್ಲಿನ ಕಲಾವಿದರು ಸುಮಾರು 1,500 ಗುಂಗುರುಗಳನ್ನು ಒಂದೊಂದಾಗಿ ರೂಪಿಸಿದರು. ಅವುಗಳಿಂದ ಕಂಪ್ಯೂಟರ್ 1.11 ಲಕ್ಷಕ್ಕೂ ಜಾಸ್ತಿ ಎಳೆಗಳನ್ನು ಬೆಳೆಸಿತು. ಕೂದಲಿನ ಓಟ ಲೆಕ್ಕ ಹಾಕುವಾಗ ಪ್ರತಿ ಎಳೆಯನ್ನೂ ಸ್ಪ್ರಿಂಗ್‌ಗಳಿಂದ ಜೋಡಿಸಿದ ಬಿಂದುಗಳ ಸಾಲು ಅಂತ ಹಿಡಿಯುತ್ತಾರೆ. ಸ್ಪ್ರಿಂಗ್ ಗಟ್ಟಿ ಮಾಡಿದರೆ ಗುಂಗುರು ಹಾಗೇ ಉಳಿಯುತ್ತದೆ, ಆದರೆ ಕೂದಲು ತಂತಿಯ ಹಾಗೆ ಬಿಗಿಯಾಗುತ್ತದೆ. ಮೆತ್ತಗೆ ಮಾಡಿದರೆ ಚೆನ್ನಾಗಿ ಅಲುಗಾಡುತ್ತದೆ, ಆದರೆ ಹುಡುಗಿ ಕುದುರೆ ಏರಿ ಎರಡು ಹೆಜ್ಜೆ ಹೋಗುವುದರೊಳಗೆ ಭಾರಕ್ಕೆ ಗುಂಗುರೆಲ್ಲ ಬಿಚ್ಚಿ ನೆಟ್ಟಗಾಗುತ್ತದೆ. ಎರಡೂ ಬೇಕು ಅಂದರೆ ಏನು ಮಾಡುವುದು? ಪ್ರತಿ ಗುಂಗುರಿನ ನಟ್ಟನಡುವೆ ಕಣ್ಣಿಗೆ ಕಾಣದ ಒಂದು ನಯವಾದ ಗೆರೆಯನ್ನು ಅವರು ಎಳೆದರು. ಸುರುಳಿ ತನ್ನ ಆಕಾರವನ್ನು ಆ ಗೆರೆಯ ಸುತ್ತ ಕಾಪಾಡಿಕೊಳ್ಳುತ್ತದೆ, ಗೆರೆ ಮಾತ್ರ ಹಗುರವಾಗಿ ಬಾಗುತ್ತದೆ, ಬಳುಕುತ್ತದೆ. ಇದಕ್ಕೆಂದೇ ಹೊಸ ಸಾಫ್ಟ್‌ವೇರ್ ಬರೆದರು. ಕಥೆಯಲ್ಲಿ ಆ ಹುಡುಗಿ ಯಾರ ಮಾತಿಗೂ ಬಗ್ಗದವಳು. ಅವಳ ಕೂದಲೂ ಹಾಗೇ ಇರಬೇಕಿತ್ತು. ನೇರ ಕೂದಲು ಕೊಟ್ಟಿದ್ದರೆ ಇಷ್ಟು ತಲೆನೋವು ಇರಲಿಲ್ಲ, ಆದರೆ ಅವಳು ಮೆರಿಡಾ ಆಗುತ್ತಿರಲಿಲ್ಲ.

ಇದೆಲ್ಲ ಮುಗಿದ ಮೇಲೆ ಬೆಳಕು ಹಾಕಿ, ಕಂಪ್ಯೂಟರ್‌ಗಳ ಸಾಲಿಗೆ ಕೊಟ್ಟು, ಒಂದೊಂದೇ ಫ್ರೇಮ್ ಹೊರತೆಗೆಯುವುದು ರೆಂಡರಿಂಗ್. 'ಟಾಯ್ ಸ್ಟೋರಿ'ಗೆ 117 ಕಂಪ್ಯೂಟರ್‌ಗಳು ದುಡಿದವು. ಒಂದು ಫ್ರೇಮ್‌ಗೆ 45 ನಿಮಿಷದಿಂದ ಹಿಡಿದು 30 ಗಂಟೆಯ ತನಕ ಬೇಕಾಯಿತು. ಈಗಿನ ಕಂಪ್ಯೂಟರ್‌ಗಳು ಅದೆಷ್ಟೋ ಪಟ್ಟು ವೇಗ, ಹಾಗಾಗಿ ಈಗ ಚಕ್ ಅಂತ ಮುಗಿಯಬೇಕಲ್ಲ? ಇಲ್ಲ. 2013ರ 'ಮಾನ್‌ಸ್ಟರ್ಸ್ ಯೂನಿವರ್ಸಿಟಿ'ಗೆ ಒಂದು ಫ್ರೇಮ್‌ಗೆ ಸರಾಸರಿ 29 ಗಂಟೆ ಹಿಡಿಯಿತು. ಯಂತ್ರ ವೇಗವಾದಷ್ಟೂ ಕಲಾವಿದರು ಹೆಚ್ಚು ಕೂದಲು, ಹೆಚ್ಚು ನೆರಳು, ಹೆಚ್ಚು ಧೂಳು ಕೇಳುತ್ತಾರೆ.

ಶಬ್ದದ್ದೂ ಇದೇ ಕಥೆ. ಶೂಟಿಂಗ್ ಇಲ್ಲದ ಮೇಲೆ ಸ್ಥಳದ ಸದ್ದೂ ಇಲ್ಲ. ಹೆಜ್ಜೆ ಸದ್ದು, ಬಟ್ಟೆ ಉಜ್ಜುವ ಸದ್ದು, ಖಾಲಿ ಕೋಣೆಯ ಗುಂಯ್‌ಗುಡುವಿಕೆ ಎಲ್ಲವನ್ನೂ ಬೇರೆ ಬೇರೆಯಾಗಿ ಮಾಡಿ ಸೇರಿಸಬೇಕು. ಈ ಕಷ್ಟದಲ್ಲೇ ಒಂದು ಲಾಭವೂ ಇದೆ. ಪ್ರತಿ ಸದ್ದೂ ಮೊದಲೇ ಬಿಡಿಬಿಡಿಯಾಗಿ ಇರುವುದರಿಂದ ಅದನ್ನು ಥಿಯೇಟರ್‌ನ ಯಾವ ಮೂಲೆಗೆ ಬೇಕಾದರೂ ಒಯ್ಯಬಹುದು. ಥಿಯೇಟರ್‌ನ ಹೊಸ ತಂತ್ರಜ್ಞಾನಗಳು ಎಷ್ಟೋ ಸಲ ಮಕ್ಕಳ ಸಿನಿಮಾದ ಜೊತೆಗೇ ಬಂದಿವೆ. ಸುತ್ತಲಿಂದ ಸದ್ದು ಬರುವ ಡಾಲ್ಬಿ 7.1 ಮೊದಲು ಬಂದಿದ್ದು 2010ರ 'ಟಾಯ್ ಸ್ಟೋರಿ 3' ಜೊತೆ. ತಲೆಯ ಮೇಲೆ ಚಾವಣಿಯಲ್ಲೂ ಸ್ಪೀಕರ್ ಇರುವ ಡಾಲ್ಬಿ ಅಟ್ಮಾಸ್ ಮೊದಲು ಕೇಳಿಸಿದ್ದು ಮೆರಿಡಾಳ 'ಬ್ರೇವ್'ನಲ್ಲಿ. 2005ರಲ್ಲಿ ಈಗಿನ ಡಿಜಿಟಲ್ 3ಡಿಗೆ ದಾರಿ ತೆರೆದಿದ್ದು ಒಂದು ಕೋಳಿಮರಿಯ ಕಥೆ, 'ಚಿಕನ್ ಲಿಟಲ್'. ಕಂಪ್ಯೂಟರ್‌ನೊಳಗೆ ಎರಡನೇ ಕ್ಯಾಮೆರಾ ಇಡುವುದು ಸುಲಭ, ಅದಕ್ಕೇ.

ಈಗ ಥಿಯೇಟರ್‌ಗೆ ಬರೋಣ. ಇಷ್ಟೆಲ್ಲ ಮಾಡಿದ್ದು ನಮ್ಮ ಕಣ್ಣಿಗೆ ಎಷ್ಟು ತಲುಪುತ್ತದೆ ಅನ್ನುವುದು ಅಲ್ಲಿನ ಬೆಳಕಿನ ಮೇಲೆ ನಿಂತಿದೆ. ಪರದೆಯ ಹೊಳಪಿಗೆ ಒಂದು ಅಳತೆ ಇದೆ. ಮಾಮೂಲಿ 2ಡಿ ಪ್ರದರ್ಶನಕ್ಕೆ 14 ಫುಟ್-ಲ್ಯಾಂಬರ್ಟ್ ಇರಬೇಕು. 3ಡಿಗೆ ಸುಮಾರು 4.5 ಇದ್ದರೆ ಸಾಕು ಅಂತ ಒಪ್ಪಿಕೊಂಡಿದ್ದಾರೆ, ಅಂದರೆ ಮೂರನೇ ಒಂದು ಭಾಗ. ಎರಡು ಕಣ್ಣಿಗೆ ಚಿತ್ರ ಹಂಚುವುದು, ಪ್ರೊಜೆಕ್ಟರ್ ಮುಂದಿನ ಫಿಲ್ಟರ್, ಕನ್ನಡಕ ಎಲ್ಲ ಸೇರಿ ಅಷ್ಟು ಬೆಳಕನ್ನು ನುಂಗುತ್ತವೆ. ಹೆಚ್ಚು ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಪ್ರೊಜೆಕ್ಟರ್ ಎಡಗಣ್ಣಿನ ಚಿತ್ರ, ಬಲಗಣ್ಣಿನ ಚಿತ್ರ ಅಂತ ಸೆಕೆಂಡಿಗೆ 144 ಸಲ ಅದಲು ಬದಲು ತೋರಿಸುತ್ತದೆ. ಎರಡು ಚಿತ್ರಗಳ ಬೆಳಕೂ ಬೇರೆ ಬೇರೆ ದಿಕ್ಕಿಗೆ ಸುರುಳಿ ಸುತ್ತುತ್ತ ಬರುತ್ತದೆ. ಕನ್ನಡಕದ ಒಂದೊಂದು ಗಾಜು ಒಂದೊಂದು ದಿಕ್ಕಿನದನ್ನು ಮಾತ್ರ ಒಳಗೆ ಬಿಡುತ್ತದೆ. ಸುರುಳಿಯಾಗಿ ಬರುವುದರಿಂದ ಮಗು ನಿಮ್ಮ ಭುಜಕ್ಕೆ ತಲೆ ವಾಲಿಸಿದರೂ ಎರಡು ಚಿತ್ರ ಬೆರೆತುಹೋಗುವುದಿಲ್ಲ.

ನನ್ನನ್ನು ಕೇಳಿದರೆ ಐದಾರು ವರ್ಷದೊಳಗಿನ ಮಕ್ಕಳ ಜೊತೆ ಹೋಗುವಾಗ 2ಡಿ ಪ್ರದರ್ಶನವೇ ವಾಸಿ. ಬಣ್ಣ ಚೆನ್ನಾಗಿ ಕಾಣುತ್ತದೆ. ದೊಡ್ಡವರ ಅಳತೆಯ ಕನ್ನಡಕ ಮಗುವಿನ ಮೂಗಿನಿಂದ ಜಾರಿ ಜಾರಿ, ಅದು ಅರ್ಧ ಸಿನಿಮಾವನ್ನು ಬರಿಗಣ್ಣಲ್ಲಿ ನೋಡುತ್ತದೆ. ಬರಿಗಣ್ಣಿಗೆ ಕಾಣುವುದು ಒಂದರ ಮೇಲೊಂದು ಬಿದ್ದ ಎರಡು ಚಿತ್ರ. ಸ್ವಲ್ಪ ದೊಡ್ಡ ಮಕ್ಕಳಾದರೆ 3ಡಿ ನೋಡಲಿ. ಒಂದು ಮಾತ್ರ ಗಮನದಲ್ಲಿರಲಿ: ಎಲ್ಲರೂ ಮುಂದಕ್ಕೆ ಬಂತು ಅಂತ ಕೈಚಾಚುವಾಗ 'ನಂಗೇನೂ ಆಚೆ ಬರ್ತಿಲ್ಲ' ಅಂತ ಮಗು ಪದೇ ಪದೇ ಹೇಳಿದರೆ, ಅಥವಾ ತಲೆನೋವು ಅಂದರೆ, ಸುಮ್ನೆ ಹಟ ಅಂದುಕೊಳ್ಳಬೇಡಿ. ಎರಡು ಕಣ್ಣೂ ಜೊತೆಯಾಗಿ ಕೆಲಸ ಮಾಡದಿದ್ದರೆ 3ಡಿ ಆಳ ಕಾಣುವುದಿಲ್ಲ. ಕಣ್ಣಿನ ಡಾಕ್ಟರ್‌ಗೆ ಒಮ್ಮೆ ತೋರಿಸಿ. ಒಂದು ಕಣ್ಣಿನ ಮಂದದೃಷ್ಟಿ ಬೇಗ ಗೊತ್ತಾದಷ್ಟೂ ಸರಿ ಮಾಡುವುದು ಸುಲಭ.

ಮಕ್ಕಳು ಥಿಯೇಟರ್‌ನಲ್ಲಿ ಅಳುವುದಕ್ಕೆ ಎಷ್ಟೋ ಸಲ ಕಾರಣ ಕಥೆಯಲ್ಲ, ಸದ್ದು. ಥಿಯೇಟರ್‌ನ ಒಂದೊಂದು ಮುಂಭಾಗದ ಸ್ಪೀಕರನ್ನೂ 85 ಡೆಸಿಬಲ್ ಮಟ್ಟಕ್ಕೆ ಹೊಂದಿಸುತ್ತಾರೆ. ಅದರ ಮೇಲೆ ಇನ್ನೂ 20 ಡೆಸಿಬಲ್ ಏರಲು ಜಾಗ ಇರುತ್ತದೆ. ಸ್ಫೋಟ, ಗುಡುಗು ಬಂದಾಗ ಅಷ್ಟೂ ಎತ್ತರಕ್ಕೆ ಹೋಗಬಹುದು. ನನ್ನ ಅಕ್ಕನ ಮಗಳು ಸಿನಿಮಾ ಶುರುವಾಗುವ ಮೊದಲು, ಜಾಹೀರಾತು ಬರುವಾಗಲೇ ಎರಡೂ ಕಿವಿ ಮುಚ್ಚಿಕೊಂಡು ಸೀಟಿನಲ್ಲಿ ಮುದುಡಿಬಿಡುತ್ತಿದ್ದಳು. ಸಿನಿಮಾ ಶುರುವಾಗುವ ಹೊತ್ತಿಗೆ ಸರಿಯಾಗಿ ಒಳಗೆ ಹೋಗುವುದು, ಸ್ಪೀಕರ್ ಪಕ್ಕದ ಗೋಡೆ ಸೀಟು ಬಿಟ್ಟು ನಡುವಿನ ಸಾಲು ಹಿಡಿಯುವುದು, ಮಕ್ಕಳ ಇಯರ್‌ಮಫ್ ಒಂದನ್ನು ಚೀಲದಲ್ಲಿ ಇಟ್ಟುಕೊಳ್ಳುವುದು, ಇಷ್ಟರಿಂದ ಅವಳ ಸಿನಿಮಾ ಅನುಭವವೇ ಬದಲಾಯಿತು. ಮಿಣಮಿಣ ಮಿಂಚುವ ಬೆಳಕಿನ ವಿಷಯದಲ್ಲೂ ಎಚ್ಚರ ಬೇಕು. ಮೂರ್ಛೆ ರೋಗ ಇರುವ ಕೆಲವರಿಗೆ ಅದು ಅಪಾಯ. 2018ರಲ್ಲಿ 'ಇನ್‌ಕ್ರೆಡಿಬಲ್ಸ್ 2' ಬಂದಾಗ ಥಿಯೇಟರ್‌ಗಳು ಇದಕ್ಕಾಗಿಯೇ ಬಾಗಿಲಲ್ಲಿ ಸೂಚನೆ ಹಾಕಬೇಕಾಯಿತು.

ಕಥೆಯ ಭಯಕ್ಕೆ ಸರ್ಟಿಫಿಕೇಟ್ ನೋಡಿ. ಮೊದಲು ಯು, ಯುಎ, ಎ ಅಂತ ಇತ್ತು. ಯುಎ ಅಂದರೆ ಹನ್ನೆರಡರೊಳಗಿನವರಿಗೆ ಅಪ್ಪ ಅಮ್ಮನ ಮಾರ್ಗದರ್ಶನ ಇರಲಿ ಅಂತ. 2023ರ ತಿದ್ದುಪಡಿ ಬಂದ ಮೇಲೆ ಯುಎ ಮೂರು ಭಾಗವಾಗಿದೆ: 7+, 13+, 16+. ಎ ಸಿನಿಮಾಗೆ ಮಕ್ಕಳನ್ನು ಬಿಡುವ ಹಾಗಿಲ್ಲ. ಯುಎಗೆ ಹಾಗಲ್ಲ, ತೀರ್ಮಾನ ನಿಮ್ಮದು. ಅನಿಮೇಷನ್ ಅಂದ ಮಾತ್ರಕ್ಕೆ ಮಕ್ಕಳದ್ದು ಅಂತ ಅಲ್ಲ. ಈ ಒಂದು ಅಂಕಿ ನೋಡಿ ಟಿಕೆಟ್ ಬುಕ್ ಮಾಡಿದರೆ ಅರ್ಧಕ್ಕೆ ಎದ್ದು ಬರುವುದು ತಪ್ಪುತ್ತದೆ.

ಭಾಷೆಯ ಮಾತು ಉಳಿದಿದೆ, ನನಗೆ ಅದೇ ಮುಖ್ಯ. ಅನಿಮೇಷನ್‌ನಲ್ಲಿ ಮೊದಲು ದನಿ ರೆಕಾರ್ಡ್ ಆಗುತ್ತದೆ, ಆಮೇಲೆ ಆ ದನಿಗೆ ತಕ್ಕ ಹಾಗೆ ತುಟಿ ಆಡಿಸುತ್ತಾರೆ. ಡಬ್ಬಿಂಗ್‌ನಲ್ಲಿ ಎಲ್ಲ ತಿರುಗುಮುರುಗು. ತುಟಿ ಆಗಲೇ ಆಡಿದೆ, ಅದಕ್ಕೆ ಹೊಂದುವ ಮಾತು ಹುಡುಕಬೇಕು. ನೋಡುವವರ ಕಣ್ಣು ಮೊದಲು ಹಿಡಿಯುವುದು ತುಟಿ ಮುಚ್ಚುವ ಅಕ್ಷರಗಳನ್ನು: ಪ, ಬ, ಮ. ಇಂಗ್ಲಿಷ್ ಪಾತ್ರ 'ಸ್ಟಾಪ್' ಅಂತ ಕೂಗಿದರೆ ಕೊನೆಗೆ ತುಟಿ ಮುಚ್ಚುತ್ತದೆ. ಕನ್ನಡದಲ್ಲಿ 'ನಿಲ್ಲು' ಅಂದರೆ ತುಟಿ ಮುಚ್ಚುವುದೇ ಇಲ್ಲ. 'ತಡಿಯಪ್ಪ' ಅಂದರೆ ಆ ಜಾಗದಲ್ಲಿ ಒಂದು ಪ್ಪ ಸಿಕ್ಕಿತು. ನಮ್ಮ ಮಾತುಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ಬಾಯಿ ತೆರೆದೇ ಇರುತ್ತದೆ. ಹಾಗಾಗಿ ಕನ್ನಡಕ್ಕೆ ಸಂಭಾಷಣೆ ಬರೆಯುವವರಿಗೆ ಪ್ರತಿ ಸಾಲೂ ಒಂದು ಒಗಟು. ಅರ್ಥ ಕೂರಬೇಕು, ಉದ್ದ ಕೂರಬೇಕು, ತುಟಿ ಕೂರಬೇಕು, ಮಗು ನಗಲೂಬೇಕು.

ಕರ್ನಾಟಕದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ಅಘೋಷಿತ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದು ಸರಿಯಲ್ಲ ಅಂತ ಆದೇಶ ಕೊಟ್ಟ ಮೇಲೆ ದಾರಿ ನಿಧಾನಕ್ಕೆ ತೆರೆಯಿತು. ಆದರೂ ಹಾಲಿವುಡ್ ಅನಿಮೇಷನ್ ಸಿನಿಮಾಗಳು ಹಿಂದಿ, ತಮಿಳು, ತೆಲುಗಿನಲ್ಲಿ ಸಿಗುವಷ್ಟು ಸಲೀಸಾಗಿ ಕನ್ನಡದಲ್ಲಿ ಸಿಗುವುದಿಲ್ಲ. ದೊಡ್ಡವರು ಸಬ್‌ಟೈಟಲ್ ಓದಿಕೊಳ್ಳುತ್ತಾರೆ. ಐದು ವರ್ಷದ ಮಗುವಿಗೆ ಅದು ಆಗುವ ಮಾತಲ್ಲ. ಅಮ್ಮ ಕಿವಿಯಲ್ಲಿ ಪಿಸುಗುಟ್ಟಿ ಹೇಳುವುದರೊಳಗೆ ನಗುವ ಜಾಗ ದಾಟಿಹೋಗಿರುತ್ತದೆ. 2025ರ ಜುಲೈನಲ್ಲಿ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ 'ಮಹಾವತಾರ ನರಸಿಂಹ' ಕನ್ನಡದಲ್ಲೂ ಬಂತು. ಪ್ರಹ್ಲಾದನ ಕಥೆಯನ್ನು ಅಜ್ಜಿಯಿಂದ ಕೇಳಿದ್ದ ಮಕ್ಕಳು ಅದನ್ನು ಅಜ್ಜಿಯ ಭಾಷೆಯಲ್ಲೇ ದೊಡ್ಡ ಪರದೆಯ ಮೇಲೆ ನೋಡಿದರು. ಇಂಥದ್ದು ಅಪರೂಪಕ್ಕೊಮ್ಮೆ ಆಗದೆ ಪ್ರತಿ ರಜೆಯಲ್ಲೂ ಆಗಬೇಕು ಅನ್ನುವುದು ನನ್ನ ಆಸೆ.

ಮಾತಷ್ಟೇ ಅಲ್ಲ, ಚಿತ್ರವನ್ನೇ ಬದಲಿಸುವುದೂ ಉಂಟು. 2015ರ 'ಇನ್‌ಸೈಡ್ ಔಟ್'ನಲ್ಲಿ ಪುಟ್ಟ ಹುಡುಗಿ ಬ್ರೊಕೋಲಿ ಬೇಡ ಅಂತ ಮುಖ ಸಿಂಡರಿಸುತ್ತಾಳೆ. ಜಪಾನಿನ ಮಕ್ಕಳಿಗೆ ಬ್ರೊಕೋಲಿ ಅಂದರೆ ಇಷ್ಟ, ಅವರಿಗೆ ಬೇಡವಾದದ್ದು ಹಸಿರು ಕ್ಯಾಪ್ಸಿಕಂ. ಹಾಗಾಗಿ ಜಪಾನಿಗೆ ಕಳಿಸಿದ ಪ್ರತಿಯಲ್ಲಿ ತಟ್ಟೆಯ ತರಕಾರಿಯನ್ನೇ ಬದಲಿಸಿದರು. ಒಂದು ತರಕಾರಿಗಾಗಿ ಮಾಡೆಲಿಂಗ್, ಬೆಳಕು, ರೆಂಡರಿಂಗ್ ಎಲ್ಲ ಮತ್ತೊಮ್ಮೆ.

ಸಿನಿಮಾ ಮುಗಿದು ಹೆಸರುಗಳು ಏರುವಾಗ ನಮ್ಮ ಥಿಯೇಟರ್‌ಗಳಲ್ಲಿ ದೀಪ ಹಚ್ಚಿಬಿಡುತ್ತಾರೆ, ಕಸ ಗುಡಿಸುವವರು ಬಾಗಿಲಲ್ಲಿ ನಿಂತಿರುತ್ತಾರೆ. ಆದರೂ ಆದಷ್ಟು ಹೊತ್ತು ಕೂತಿರಿ. ಆ ಪಟ್ಟಿಯಲ್ಲಿ ನಮ್ಮವರೂ ಇರುತ್ತಾರೆ. ಅಮೆರಿಕದ ಅನಿಮೇಷನ್ ಕಂಪನಿ ಡ್ರೀಮ್‌ವರ್ಕ್ಸ್ 2008ರಲ್ಲಿ ಫ್ರಾನ್ಸಿನ ಟೆಕ್ನಿಕಲರ್ ಕಂಪನಿ ಜೊತೆ ಸೇರಿ ಬೆಂಗಳೂರಿನಲ್ಲಿ ತನ್ನದೇ ಒಂದು ಅನಿಮೇಷನ್ ತಂಡ ಕಟ್ಟಿತ್ತು. 2011ರ 'ಪುಸ್ ಇನ್ ಬೂಟ್ಸ್'ನಲ್ಲಿ ಆ ತಂಡದ ಕೈ ಇದೆ. ಟೆಕ್ನಿಕಲರ್ ಸಮೂಹ 2025ರ ಫೆಬ್ರವರಿಯಲ್ಲಿ ಕುಸಿದಾಗ ಅದರ ಬೆಂಗಳೂರು ಘಟಕವೂ ಮುಚ್ಚಿತು, ಸಾವಿರಾರು ಕಲಾವಿದರು ಒಂದೇ ಏಟಿಗೆ ಕೆಲಸ ಕಳೆದುಕೊಂಡರು. ಕೂದಲು ಬಾಚಿದವರು, ಧೂಳು ಎಬ್ಬಿಸಿದವರು, ಕಿವಿಯ ಅಂಚಿಗೆ ಕೆಂಪು ಹಚ್ಚಿದವರು ಇವರೇ. ಅವರ ಹೆಸರು ನಮಗೆ ಕಾಣುವುದು ಆ ಮೂರು ನಾಲ್ಕು ನಿಮಿಷ ಮಾತ್ರ.

ಪಿಕ್ಸಾರ್ ಸಿನಿಮಾ ಆದರೆ ಪಟ್ಟಿಯ ಕೊನೆಯ ಹತ್ತಿರ ಇನ್ನೊಂದು ಸಾಲು ಬರುತ್ತದೆ, 'ಟಾಯ್ ಸ್ಟೋರಿ'ಯಿಂದಲೂ ಇದೆ. ಆ ಸಿನಿಮಾ ತಯಾರಾಗುತ್ತಿದ್ದ ಕಾಲದಲ್ಲಿ ಅಲ್ಲಿ ಕೆಲಸ ಮಾಡುವವರ ಮನೆಗಳಲ್ಲಿ ಹುಟ್ಟಿದ ಮಕ್ಕಳ ಹೆಸರುಗಳು. ಇಂಥ ಒಂದು ಸಿನಿಮಾಗೆ ನಾಲ್ಕೈದು ವರ್ಷ ಹಿಡಿಯುತ್ತದೆ. ಬಿಡುಗಡೆಯ ಹೊತ್ತಿಗೆ ಆ ಸಾಲಿನ ಮೊದಲ ಮಕ್ಕಳು ಟಿಕೆಟ್ ಹಿಡಿದು ಬಂದು ಅದೇ ಸಿನಿಮಾ ನೋಡುವಷ್ಟು ದೊಡ್ಡವರಾಗಿರುತ್ತಾರೆ.